ಎರಡು ಚಿತ್ರ ಒಂದಾಗುವವರೆಗೆ: ರೀಲ್ ಕ್ಯಾಮೆರಾದಿಂದ ಡಿಜಿಟಲ್‌ಗೆ ಬಂದ ಒಂದು ಅಂಗಡಿಯ ಲೆಕ್ಕ

ಈ ವರ್ಷ ವ್ಯವಹಾರ ಅಧ್ಯಯನದ ಪ್ರಾಜೆಕ್ಟಿಗೆ ನಮ್ಮ ಮೇಡಂ ಕೊಟ್ಟ ವಿಷಯ ಹೀಗಿತ್ತು: "ತಂತ್ರಜ್ಞಾನ ಬದಲಾದಾಗ ಒಂದು ಸಣ್ಣ ವ್ಯಾಪಾರಕ್ಕೆ ಏನಾಗುತ್ತದೆ? ನಿಮಗೆ ಗೊತ್ತಿರುವ ಒಂದು ಅಂಗಡಿಯ ಬಗ್ಗೆ ಬರೆಯಿರಿ." ನಮ್ಮ ತರಗತಿಯಲ್ಲಿ ಹೆಚ್ಚಿನವರು ಕಿರಾಣಿ ಅಂಗಡಿ ಮತ್ತು ಯುಪಿಐ ಬಗ್ಗೆ ಬರೆದರು. ನಾನು ನಮ್ಮ ಮನೆಯವರ ಫೋಟೋ ಸ್ಟುಡಿಯೋವನ್ನು ಆರಿಸಿಕೊಂಡೆ. ಮಾರ್ಚ್ ಕೊನೆಗೆ ಆ ಅಂಗಡಿಯನ್ನು ಖಾಲಿ ಮಾಡಬೇಕಾಗಿತ್ತು. ಸಾಮಾನು ಕಟ್ಟುವಾಗ ದಾದಾ ಬರೆದಿಟ್ಟ ಲೆಕ್ಕದ ಪುಸ್ತಕಗಳು ಸಿಕ್ಕಿದವು. ಅವು ಉರ್ದುವಿನಲ್ಲಿದ್ದವು. ಅಬ್ಬಾಗೆ ಕೆಲಸವಿತ್ತು, ಹಾಗಾಗಿ ಓದಿ ಕನ್ನಡಕ್ಕೆ ತಂದವಳು ನಾನೇ. ಆ ಪ್ರಾಜೆಕ್ಟನ್ನು ಸ್ವಲ್ಪ ಚಿಕ್ಕದು ಮಾಡಿ, ಫೋಟೋ ತೆಗೆಯುವ ಆಸಕ್ತಿ ಇರುವವರಿಗೂ ಉಪಯೋಗವಾಗುವಂತೆ ಇಲ್ಲಿ ಬರೆಯುತ್ತಿದ್ದೇನೆ.

ದಾದಿಯ ಕ್ಯಾಮೆರಾ

ನಮ್ಮ ಸ್ಟುಡಿಯೋದಲ್ಲಿ ಇಬ್ಬರು ಫೋಟೋಗ್ರಾಫರ್‌ಗಳಿದ್ದರು. ಗಂಡಸರ ಕಡೆ ದಾದಾ, ಹೆಂಗಸರ ಕಡೆ ದಾದಿ. ಶಾದಿ ಮಹಲಿನಲ್ಲಿ ಪರದೆಯ ಒಳಗೆ ಗಂಡಸು ಫೋಟೋಗ್ರಾಫರ್ ಹೋಗುವಂತಿರಲಿಲ್ಲ. ಮೊದಲೆಲ್ಲ ಆ ಕಡೆಯ ಫೋಟೋಗಳೇ ಇರುತ್ತಿರಲಿಲ್ಲ. 1979ರಲ್ಲಿ ದಾದಿಯ ಅಣ್ಣ ಜಿದ್ದಾದಿಂದ ಬರುವಾಗ ಒಂದು ಯಾಶಿಕಾ ಎಲೆಕ್ಟ್ರೋ 35 ಕ್ಯಾಮೆರಾ ತಂದುಕೊಟ್ಟರು. ದಾದಾ ಅದಕ್ಕೆ 1,350 ರೂಪಾಯಿ ಕೊಟ್ಟ ಲೆಕ್ಕ ಪುಸ್ತಕದಲ್ಲಿದೆ. ದಾದಿ ಅದನ್ನು ಕಲಿತು ಹೆಂಗಸರ ಕಡೆಯ ಫೋಟೋ ತೆಗೆಯಲು ಶುರು ಮಾಡಿದರು. 2006ರವರೆಗೆ ಅದೇ ಕ್ಯಾಮೆರಾ ನಡೆಯಿತು.

ಇದು ರೇಂಜ್‌ಫೈಂಡರ್ ಎಂಬ ಜಾತಿಯ ಕ್ಯಾಮೆರಾ. ಅದು ಕೆಲಸ ಮಾಡುವ ರೀತಿಯನ್ನು ಮೊದಲು ತಿಳಿದುಕೊಳ್ಳೋಣ.

ರೇಂಜ್‌ಫೈಂಡರ್ ಎಂದರೇನು?

ನಿಮ್ಮ ಒಂದು ಬೆರಳನ್ನು ಮುಖದ ಮುಂದೆ ಹಿಡಿದು, ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಅತ್ತಿತ್ತ ಜಿಗಿದ ಹಾಗೆ ಕಾಣುತ್ತದೆ. ಬೆರಳು ಹತ್ತಿರವಿದ್ದಷ್ಟು ಜಿಗಿತ ಹೆಚ್ಚು, ದೂರವಿದ್ದಷ್ಟು ಕಡಿಮೆ. ಈ ಜಿಗಿತವನ್ನು ಅಳೆದರೆ ದೂರ ಗೊತ್ತಾಗುತ್ತದೆ. ಇದೇ ರೇಂಜ್‌ಫೈಂಡರ್‌ನ ತತ್ವ.

ಕ್ಯಾಮೆರಾದ ಮುಂಭಾಗದಲ್ಲಿ ಸ್ವಲ್ಪ ಅಂತರದಲ್ಲಿ ಎರಡು ಕಿಟಕಿಗಳಿರುತ್ತವೆ. ಒಂದು ಕಿಟಕಿಯಿಂದ ನೇರವಾಗಿ ನೋಡುತ್ತೇವೆ. ಇನ್ನೊಂದು ಕಿಟಕಿಯಿಂದ ಬಂದ ಚಿತ್ರ ಕನ್ನಡಿಯ ಮೂಲಕ ಮೊದಲ ಚಿತ್ರದ ಮಧ್ಯದಲ್ಲಿ ಒಂದು ಸಣ್ಣ ಚೌಕವಾಗಿ ಬೀಳುತ್ತದೆ. ಆ ಚೌಕದೊಳಗೆ ಎದುರಿಗಿರುವವರ ಮುಖ ಎರಡೆರಡಾಗಿ ಕಾಣುತ್ತದೆ. ಲೆನ್ಸಿನ ಉಂಗುರವನ್ನು ತಿರುಗಿಸುತ್ತಾ ಹೋದರೆ ಎರಡು ಚಿತ್ರಗಳೂ ಹತ್ತಿರ ಬಂದು ಒಂದಾಗುತ್ತವೆ. ಒಂದಾದ ಕ್ಷಣದಲ್ಲಿ ಲೆನ್ಸು ಸರಿಯಾಗಿ ಆ ದೂರಕ್ಕೆ ಫೋಕಸ್ ಆಗಿರುತ್ತದೆ. ದಾದಿ ಇದನ್ನು ನನಗೆ ಒಂದೇ ಮಾತಿನಲ್ಲಿ ಹೇಳಿಕೊಟ್ಟರು: "ದೋ ತಸ್ವೀರಾಂ ಏಕ್ ಹೋನಾ, ತಬ್ ದಬಾನಾ." ಎರಡು ಚಿತ್ರ ಒಂದಾಗಬೇಕು, ಆಮೇಲೆ ಒತ್ತಬೇಕು.

ಇದರಲ್ಲಿ ಕೆಲವು ಅನುಕೂಲಗಳಿವೆ. ದೊಡ್ಡ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಕನ್ನಡಿ ಇರುತ್ತದೆ. ಫೋಟೋ ತೆಗೆಯುವಾಗ ಅದು ಮೇಲಕ್ಕೆ ಏಳುತ್ತದೆ, ಶಬ್ದ ಬರುತ್ತದೆ. ರೇಂಜ್‌ಫೈಂಡರ್‌ನಲ್ಲಿ ಆ ಕನ್ನಡಿ ಇಲ್ಲ. ಕ್ಯಾಮೆರಾ ಚಿಕ್ಕದು, ಶಬ್ದ ಬಹಳ ಕಡಿಮೆ. ದುಲ್ಹನ್ ಅಳುವಾಗ, ತಾಯಿ ಅವಳ ತಲೆಯ ಮೇಲೆ ಕೈ ಇಡುವಾಗ ಕ್ಲಿಕ್ ಎಂದು ಎಲ್ಲರೂ ತಿರುಗಿ ನೋಡುವುದಿಲ್ಲ. ಯಾಶಿಕಾದ 45 ಮಿ.ಮೀ. ಲೆನ್ಸಿನ ಬಾಯಿ ಎಫ್ 1.7ರಷ್ಟು ಅಗಲ ತೆರೆಯುತ್ತದೆ. ಹಾಗಾಗಿ ಟ್ಯೂಬ್‌ಲೈಟ್ ಬೆಳಕಿನಲ್ಲೂ ಅನೇಕ ಸಲ ಫ್ಲ್ಯಾಶ್ ಬೇಕಾಗುತ್ತಿರಲಿಲ್ಲ.

ಅನನುಕೂಲಗಳೂ ಇವೆ. ನಾವು ಲೆನ್ಸಿನ ಮೂಲಕ ನೋಡುವುದಿಲ್ಲ, ಪಕ್ಕದ ಕಿಟಕಿಯಿಂದ ನೋಡುತ್ತೇವೆ. ಹತ್ತಿರದ ವಸ್ತುವಿಗೆ ಎರಡರ ನೋಟದಲ್ಲಿ ವ್ಯತ್ಯಾಸ ಬರುತ್ತದೆ. ಲೆನ್ಸಿನ ಮುಚ್ಚಳ ತೆಗೆಯಲು ಮರೆತರೂ ಕಿಟಕಿಯಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತದೆ. ದಾದಿ 1981ರಲ್ಲಿ ಒಂದು ಮದುವೆಯಲ್ಲಿ ಮುಚ್ಚಳ ಹಾಕಿಕೊಂಡೇ ಹನ್ನೊಂದು ಫೋಟೋ ತೆಗೆದರಂತೆ. ಅಂದಿನಿಂದ ಮುಚ್ಚಳವನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು.

ಡಿಜಿಟಲ್ ಎಲ್ಲಿಂದ ಬಂತು?

ಡಿಜಿಟಲ್ ಕ್ಯಾಮೆರಾ ಮೊಬೈಲ್ ಜೊತೆಗೆ ಬಂದದ್ದು ಎಂದು ನಾನು ತಿಳಿದಿದ್ದೆ. ಅದು ತಪ್ಪು. 1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದರು. ಅದರ ಚಿತ್ರದಲ್ಲಿ ಅಡ್ಡ 100, ಉದ್ದ 100, ಒಟ್ಟು 10,000 ಚುಕ್ಕಿಗಳು ಮಾತ್ರ ಇದ್ದವು. ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆಯಲು 23 ಸೆಕೆಂಡ್ ಬೇಕಾಗಿತ್ತು. ಈಗ ಅಬ್ಬಾ ಬಳಸುವ ಕ್ಯಾಮೆರಾದಲ್ಲಿ 6,000 × 4,000, ಅಂದರೆ 2 ಕೋಟಿ 40 ಲಕ್ಷ ಚುಕ್ಕಿಗಳಿವೆ. ಇದನ್ನೇ 24 ಮೆಗಾಪಿಕ್ಸೆಲ್ ಎನ್ನುತ್ತಾರೆ. ಆದರೆ 4 × 6 ಇಂಚಿನ ಒಂದು ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಚುಕ್ಕಿಯಂತೆ 1,200 × 1,800, ಸುಮಾರು 22 ಲಕ್ಷ ಚುಕ್ಕಿಗಳು ಸಾಕು. ಮೆಗಾಪಿಕ್ಸೆಲ್ ಸಂಖ್ಯೆ ನೋಡಿ ಹಣ ಸುರಿಯುವ ಮೊದಲು ಈ ಗುಣಾಕಾರ ಮಾಡಿ ನೋಡುವುದು ಒಳ್ಳೆಯದು.

ಎಸ್‌ಎಲ್‌ಆರ್ ಕ್ಯಾಮೆರಾಗಳು ಬೇಗ ಡಿಜಿಟಲ್ ಆದವು. ರೇಂಜ್‌ಫೈಂಡರ್ ತಡವಾಯಿತು. ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಎಪ್ಸನ್ ಆರ್‌-ಡಿ1 ಬಂದದ್ದು 2004ರಲ್ಲಿ. 6 ಮೆಗಾಪಿಕ್ಸೆಲ್‌ನ ಆ ಕ್ಯಾಮೆರಾಕ್ಕೆ ರೀಲ್ ಇಲ್ಲದಿದ್ದರೂ ಪ್ರತಿ ಫೋಟೋಗೆ ಮೊದಲು ಶಟರ್ ಎಳೆಯುವ ಸಣ್ಣ ಹಿಡಿ ಇತ್ತು. 1954ರಿಂದ ಎಂ ಸರಣಿಯ ರೇಂಜ್‌ಫೈಂಡರ್ ಮಾಡುತ್ತಿದ್ದ ಜರ್ಮನಿಯ ಲೈಕಾ ಕಂಪನಿ ತನ್ನ ಮೊದಲ ಡಿಜಿಟಲ್ ಎಂ8 ಮಾದರಿಯನ್ನು 2006ರಲ್ಲಿ ತಂದಿತು.

ತಡವಾಗಲು ಒಂದು ಕಾರಣ ಲೆನ್ಸಿನ ಜಾಗ. ನಡುವೆ ಕನ್ನಡಿ ಇಲ್ಲದ್ದರಿಂದ ರೇಂಜ್‌ಫೈಂಡರ್‌ನ ಲೆನ್ಸು ಫಿಲ್ಮಿಗೆ ಬಹಳ ಹತ್ತಿರ ಕೂರುತ್ತದೆ. ಹತ್ತಿರವಿದ್ದರೆ ಬೆಳಕು ಫಿಲ್ಮಿನ ಮೂಲೆಗಳಿಗೆ ಓರೆಯಾಗಿ ಬೀಳುತ್ತದೆ. ಫಿಲ್ಮಿಗೆ ಅದರಿಂದ ದೊಡ್ಡ ತೊಂದರೆ ಇಲ್ಲ. ಸೆನ್ಸರ್‌ನ ಚುಕ್ಕಿಗಳು ಮಾತ್ರ ಸಣ್ಣ ಬಾವಿಗಳ ಹಾಗೆ. ಓರೆ ಬೆಳಕು ತಳ ಮುಟ್ಟುವುದಿಲ್ಲ, ಮೂಲೆಗಳು ಕಪ್ಪಾಗುತ್ತವೆ. ಇದಕ್ಕಾಗಿ ಲೈಕಾದವರು ಸೆನ್ಸರ್ ಮೇಲಿನ ಸೂಕ್ಷ್ಮ ಲೆನ್ಸುಗಳನ್ನು ಅಂಚಿನ ಕಡೆ ಸ್ವಲ್ಪ ಸರಿಸಿ ಕೂರಿಸಿದರು, ಮುಂದಿನ ಗಾಜನ್ನು ತೆಳ್ಳಗೆ ಮಾಡಿದರು. ಒಂದು ತೊಂದರೆ ಹೋಯಿತು, ಇನ್ನೊಂದು ಬಂತು. ಗಾಜು ತೆಳುವಾದ್ದರಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಒಳಗೆ ನುಗ್ಗಿತು. ಕಪ್ಪು ಸಿಂಥೆಟಿಕ್ ಬಟ್ಟೆ ಫೋಟೋದಲ್ಲಿ ನೇರಳೆ ಬಣ್ಣ ಕಾಣತೊಡಗಿತು! ಕಂಪನಿ ಲೆನ್ಸಿನ ಮುಂದೆ ಹಾಕುವ ಫಿಲ್ಟರ್‌ಗಳನ್ನು ಕೊಡಬೇಕಾಯಿತು. ಆ ಕ್ಯಾಮೆರಾ ಹಿಡಿದು ನಮ್ಮ ಕಾಲೇಜಿನ ಗೇಟಿನ ಮುಂದೆ ನಿಂತಿದ್ದರೆ ಎಷ್ಟು ಬುರ್ಖಾಗಳು ನೇರಳೆಯಾಗುತ್ತಿದ್ದವೋ ಎಂದು ನಾನೂ ನನ್ನ ಗೆಳತಿಯೂ ನಕ್ಕೆವು. 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವ ಎಂ9 ಬರಲು 2009 ಆಯಿತು.

ನಮ್ಮ ಮನೆಗೆ ಇಂತಹ ದುಬಾರಿ ಕ್ಯಾಮೆರಾ ಬರುವ ಪ್ರಶ್ನೆಯೇ ಇರಲಿಲ್ಲ. ಯಾಶಿಕಾದ ಜಾಗಕ್ಕೆ ಬಂದದ್ದು ಸಾಮಾನ್ಯ ಡಿಜಿಟಲ್ ಎಸ್‌ಎಲ್‌ಆರ್.

ಕೈ ಬದಲಾದಾಗ ಕಲಿಯಬೇಕಾದದ್ದು

ದಾದಿ 27 ವರ್ಷ ಕಲಿತದ್ದನ್ನು 2006ರಲ್ಲಿ ಅರ್ಧ ಮರೆಯಬೇಕಾಯಿತು. ನಾನು ಅವರಿಂದ ಕೇಳಿ ಬರೆದುಕೊಂಡ ನಾಲ್ಕು ಮುಖ್ಯ ವ್ಯತ್ಯಾಸಗಳು ಇವು.

1. ಬೆಳಕು. ಕಲರ್ ನೆಗೆಟಿವ್ ಫಿಲ್ಮಿಗೆ ಬೆಳಕು ಸ್ವಲ್ಪ ಹೆಚ್ಚಾದರೆ ತಡೆದುಕೊಳ್ಳುತ್ತದೆ, ಕಡಿಮೆಯಾದರೆ ನೆರಳಿನಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದ ದಾದಿಯ ನಿಯಮ "ನೆರಳನ್ನು ನೋಡಿ ಬೆಳಕು ಕೊಡು" ಎಂದಿತ್ತು. ಡಿಜಿಟಲ್‌ನಲ್ಲಿ ಇದು ತಲೆಕೆಳಗು. ಬೆಳಕು ಹೆಚ್ಚಾಗಿ ಬಿಳಿ ಒಮ್ಮೆ ತುಂಬಿಹೋದರೆ ಅಲ್ಲಿ ಮತ್ತೆ ತೆಗೆಯಲು ಏನೂ ಇರುವುದಿಲ್ಲ. ಮೊದಲ ಡಿಜಿಟಲ್ ಮದುವೆಯಲ್ಲಿ ದುಲ್ಹನ್‌ನ ಬಿಳಿ ದುಪಟ್ಟಾದ ಕಸೂತಿ ಪೂರ್ತಿ ಕಾಣೆಯಾಗಿ ಬರೀ ಬಿಳಿ ಕಾಗದದ ಹಾಗೆ ಬಂತು. ಡಿಜಿಟಲ್‌ನಲ್ಲಿ ಬಿಳಿಯನ್ನು ಕಾಪಾಡಿಕೊಳ್ಳಬೇಕು. ನೆರಳನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಸ್ವಲ್ಪ ಎತ್ತಬಹುದು.

2. ಫಿಲ್ಮಿನ ವೇಗ. 100 ಅಥವಾ 400 ಐಎಸ್‌ಒ ರೀಲ್ ಹಾಕಿದರೆ 36 ಫೋಟೋ ಮುಗಿಯುವವರೆಗೆ ಅದೇ. ಡಿಜಿಟಲ್‌ನಲ್ಲಿ ಪ್ರತಿ ಫೋಟೋಗೂ ಬದಲಾಯಿಸಬಹುದು. ಆದರೆ ಹೆಚ್ಚಿಸಿದಷ್ಟೂ ಚಿತ್ರದಲ್ಲಿ ಮರಳಿನಂತಹ ಚುಕ್ಕೆಗಳು ಬರುತ್ತವೆ.

3. ಬಣ್ಣ. ಹಗಲು ಬೆಳಕಿಗೆ ಮಾಡಿದ ಫಿಲ್ಮು ಹಳದಿ ಬಲ್ಬಿನ ಕೆಳಗೆ ಕಿತ್ತಳೆಯಾಗಿ, ಟ್ಯೂಬ್‌ಲೈಟ್ ಕೆಳಗೆ ಹಸಿರಾಗಿ ಬರುತ್ತದೆ. ಡಿಜಿಟಲ್‌ನಲ್ಲಿ ವೈಟ್ ಬ್ಯಾಲೆನ್ಸ್ ಬದಲಾಯಿಸಿ ಸರಿಪಡಿಸಬಹುದು.

4. ಎಣಿಕೆ. ರೀಲಿನಲ್ಲಿ 36 ಮಾತ್ರ. ದಾದಿ ನಿಕಾಹ್‌ಗೆ 10, ಊಟಕ್ಕೆ 4, ಬೀಳ್ಕೊಡುಗೆಗೆ 8 ಎಂದು ಮನಸ್ಸಿನಲ್ಲೇ ಹಂಚಿಕೊಳ್ಳುತ್ತಿದ್ದರು. ಇದು ನಿಜವಾದ ಬಜೆಟ್. ಡಿಜಿಟಲ್‌ನಲ್ಲಿ ಈ ಬಜೆಟ್ ಇಲ್ಲ. ಒಂದೇ ಭಂಗಿಯ ಹತ್ತು ಫೋಟೋ ತೆಗೆದು, ಪ್ರತಿಯೊಂದನ್ನೂ ಹಿಂದಿನ ಪರದೆಯಲ್ಲಿ ನೋಡುತ್ತಾ ನಿಂತರೆ ಎದುರಿಗೆ ನಡೆಯುವುದು ತಪ್ಪಿಹೋಗುತ್ತದೆ. ಡಿಜಿಟಲ್ ಕಲಿಯುವವರು ಒಂದು ದಿನ ಪರದೆ ಮುಚ್ಚಿ, 36 ಫೋಟೋ ಮಾತ್ರ ತೆಗೆಯುತ್ತೇನೆ ಎಂದು ಹೊರಡಬೇಕು. ನಾನು ಮಾಡಿ ನೋಡಿದೆ. 36ರಲ್ಲಿ 7 ಚೆನ್ನಾಗಿ ಬಂದವು. ಹಿಂದಿನ ವಾರ 300ರಲ್ಲಿ ಚೆನ್ನಾಗಿ ಬಂದದ್ದೂ ಸುಮಾರು ಅಷ್ಟೇ.

ಈಗ ಲೆಕ್ಕ

ದಾದಾ 2004ರ ಒಂದು ಸಾಧಾರಣ ಮದುವೆಯ ಖರ್ಚನ್ನು ಹೀಗೆ ಬರೆದಿದ್ದಾರೆ: ಎರಡೂ ಕಡೆ ಸೇರಿ ರೀಲ್ 4. ಒಂದು ರೀಲಿಗೆ 100 ರೂಪಾಯಿ, ತೊಳೆಯಲು 20 ರೂಪಾಯಿ, ನಾಲ್ಕಕ್ಕೆ 480. ಪ್ರಿಂಟ್ 144, ಒಂದಕ್ಕೆ 4 ರೂಪಾಯಿಯಂತೆ 576. ಒಟ್ಟು 1,056 ರೂಪಾಯಿ. ಒಂದು ಫೋಟೋಗೆ ಸುಮಾರು 7 ರೂಪಾಯಿ 33 ಪೈಸೆ. ಇದೆಲ್ಲ ಬದಲಾಗುವ ವೆಚ್ಚ. ಮದುವೆ ಇಲ್ಲದಿದ್ದರೆ ಖರ್ಚೂ ಇಲ್ಲ.

2006ರಲ್ಲಿ ಡಿಜಿಟಲ್‌ಗೆ ಹಾಕಿದ ಹಣ: ಕ್ಯಾಮೆರಾ 48,000, ಫ್ಲ್ಯಾಶ್ ಮತ್ತು ಕಾರ್ಡುಗಳು 12,000, ಕಂಪ್ಯೂಟರ್ 25,000. ಒಟ್ಟು 85,000 ರೂಪಾಯಿ. ಇದು ಸ್ಥಿರ ವೆಚ್ಚ. ಮದುವೆ ಇರಲಿ ಬಿಡಲಿ ಹಣ ಹೋಗಿಯಾಯಿತು. ಬಡ್ಡಿ ಬೇಡವೆಂದು ದಾದಾ ದಾದಿಯ ಎರಡು ಬಳೆ ಮಾರಿ, ಉಳಿದದ್ದನ್ನು ಬಂಧುಗಳಿಂದ ಕೈಸಾಲ ಪಡೆದರು.

ಆಮೇಲೆ ಒಂದು ಮದುವೆಗೆ ರೀಲಿನ ಖರ್ಚಿಲ್ಲ, ತೊಳೆಯುವ ಖರ್ಚಿಲ್ಲ. ಆರಿಸಿದ 100 ಫೋಟೋಗಳ ಪ್ರಿಂಟಿಗೆ 400 ರೂಪಾಯಿ ಮಾತ್ರ. ಉಳಿತಾಯ 1,056 − 400 = 656 ರೂಪಾಯಿ. ಹಾಕಿದ ಹಣ ವಾಪಸ್ ಬರಲು 85,000 ÷ 656, ಅಂದರೆ 130 ಮದುವೆ ಬೇಕು. ವರ್ಷಕ್ಕೆ 45 ಮದುವೆ ಸಿಗುತ್ತಿದ್ದವು. ಹಾಗಾದರೆ ಸುಮಾರು ಮೂರು ವರ್ಷ.

ಕಾಗದದ ಮೇಲೆ ಇದು ಒಳ್ಳೆಯ ಹೂಡಿಕೆ. ಆದರೆ ಪುಸ್ತಕದಲ್ಲಿ ಮುಂದೆ ನೋಡಿದಾಗ ನನಗೆ ಮೂರು ವಿಷಯ ಕಂಡವು.

ಮೊದಲನೆಯದು ಸವಕಳಿ. ಯಾಶಿಕಾ 1,350 ರೂಪಾಯಿ, 27 ವರ್ಷ ದುಡಿಯಿತು. ವರ್ಷಕ್ಕೆ 50 ರೂಪಾಯಿ ಸವಕಳಿ. ಡಿಜಿಟಲ್ ಕ್ಯಾಮೆರಾವನ್ನು ಐದು ವರ್ಷದ ನಂತರ 8,000ಕ್ಕೆ ಮಾರಿದರು. 48,000ದಲ್ಲಿ 8,000 ಕಳೆದು ಐದರಿಂದ ಭಾಗಿಸಿದರೆ ವರ್ಷಕ್ಕೆ 8,000 ರೂಪಾಯಿ. 1979ರ ರೂಪಾಯಿ ಮತ್ತು 2006ರ ರೂಪಾಯಿ ಒಂದೇ ಅಲ್ಲ ಎಂಬುದನ್ನು ಒಪ್ಪಿಕೊಂಡರೂ ಈ ಅಂತರ ದೊಡ್ಡದು. ರೀಲ್ ಕಾಲದಲ್ಲಿ ಹೊಸತನ ಫಿಲ್ಮಿನಲ್ಲಿ ಬರುತ್ತಿತ್ತು. ಹಳೆಯ ಕ್ಯಾಮೆರಾಕ್ಕೆ ಹೊಸ ಫಿಲ್ಮ್ ಹಾಕಿದರೆ ಮುಗಿಯಿತು. ಡಿಜಿಟಲ್‌ನಲ್ಲಿ ಸೆನ್ಸರ್ ಕ್ಯಾಮೆರಾದೊಳಗೇ ಇರುವುದರಿಂದ ಕ್ಯಾಮೆರಾವನ್ನೇ ಬದಲಾಯಿಸಬೇಕು.

ಎರಡನೆಯದು, ಉಳಿತಾಯ ಯಾರಿಗೆ ಹೋಯಿತು ಎಂಬುದು. ಊರಿನಲ್ಲಿ ಎಲ್ಲರ ಕೈಗೂ ಡಿಜಿಟಲ್ ಬಂದಾಗ ಸ್ಪರ್ಧೆ ಹೆಚ್ಚಿತು. 2004ರಿಂದ 2009ರವರೆಗೆ ದಾದಾ ತಮ್ಮ ದರವನ್ನು ಒಂದು ರೂಪಾಯಿಯೂ ಏರಿಸಲಾಗಲಿಲ್ಲ. ಫೋಟೋಗಳ ಸಂಖ್ಯೆ ಮಾತ್ರ 144ರಿಂದ 600ಕ್ಕೆ ಏರಿತು. ಉಳಿತಾಯ ಗಿರಾಕಿಗೆ ಹೋಯಿತು, ಅಂಗಡಿಯಲ್ಲಿ ಉಳಿಯಲಿಲ್ಲ.

ಮೂರನೆಯದು ಸಮಯ. 600 ಫೋಟೋಗಳನ್ನು ಒಂದೊಂದು ನಿಮಿಷ ನೋಡಿ ಸರಿಪಡಿಸಿದರೆ 10 ಗಂಟೆ. ಈ ಕೆಲಸವನ್ನು ಅಬ್ಬಾ ರಾತ್ರಿ ಮಾಡುತ್ತಿದ್ದರು. ಪುಸ್ತಕದಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ. ನಾವು ಅರ್ಥಶಾಸ್ತ್ರದಲ್ಲಿ ಓದುವ ಅವಕಾಶ ವೆಚ್ಚ ಎಂದರೆ ಇದೇ.

ಹಾಗಾದರೆ ಬದಲಾಗದೇ ಇರಬಹುದಿತ್ತೇ? ಅದೂ ಸಾಧ್ಯವಿರಲಿಲ್ಲ. ಡಿಜಿಟಲ್ ಕ್ಯಾಮೆರಾ ಕಂಡುಹಿಡಿದ ಕೊಡಾಕ್ ಕಂಪನಿಯ ಲಾಭ ಫಿಲ್ಮಿನಲ್ಲಿತ್ತು. ಆ ಲಾಭವನ್ನು ಬಿಡಲಾಗದೆ ಹಿಂದೆ ಬಿದ್ದು 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಜಪಾನಿನ ಫ್ಯೂಜಿಫಿಲ್ಮ್ ತನ್ನ ಫಿಲ್ಮ್ ರಸಾಯನ ಜ್ಞಾನವನ್ನು ಟಿವಿ ಪರದೆಯ ಹಾಳೆಗಳಿಗೆ, ಮುಖದ ಕ್ರೀಮಿಗೆ ಬಳಸಿ ಉಳಿದುಕೊಂಡಿತು. ನಮ್ಮ ಪಕ್ಕದ ಊಟಿಯಲ್ಲಿ 'ಇಂದು' ಹೆಸರಿನ ಫಿಲ್ಮ್ ಮಾಡುತ್ತಿದ್ದ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಮುಚ್ಚಿಹೋಯಿತು. ಅಷ್ಟು ದೊಡ್ಡವರೇ ಹಾಗಾದ ಮೇಲೆ ಒಂದು ಕೋಣೆಯ ಸ್ಟುಡಿಯೋ ಏನು ಮಾಡೀತು? ದಾದಾ ಬದಲಾದದ್ದು ಸರಿ. ಆದರೆ ಬದಲಾದವರೆಲ್ಲ ಗೆಲ್ಲುವುದಿಲ್ಲ. ಮೊಬೈಲ್ ಬಂದ ಮೇಲೆ ಪಾಸ್‌ಪೋರ್ಟ್ ಫೋಟೋ ಮತ್ತು ಜೆರಾಕ್ಸ್ ಬಿಟ್ಟು ಅಂಗಡಿಗೆ ಬೇರೆ ಕೆಲಸ ಉಳಿಯಲಿಲ್ಲ.

ಹಾರ್ಡ್ ಡಿಸ್ಕ್ ಮತ್ತು ಟ್ರಂಕ್

ದಾದಾ 2011ರಲ್ಲಿ ತೀರಿಕೊಂಡರು. 2013ರಲ್ಲಿ ಅಂಗಡಿಯ ಹಾರ್ಡ್ ಡಿಸ್ಕ್ ಕೆಟ್ಟುಹೋಯಿತು. 2006ರಿಂದ ತೆಗೆದ ಎಲ್ಲ ಮದುವೆಗಳ ಫೈಲುಗಳೂ ಆ ಒಂದೇ ಡಿಸ್ಕ್‌ನಲ್ಲಿದ್ದವು. ರಿಪೇರಿಯವರು ಕೇಳಿದ ಹಣ ನಮ್ಮಲ್ಲಿರಲಿಲ್ಲ. ಕೆಲವು ತಿಂಗಳ ನಂತರ ಒಬ್ಬ ಹೆಂಗಸು ಬಂದರಂತೆ. ಗಂಡ ತೀರಿಕೊಂಡಿದ್ದರು. 2010ರ ವಲೀಮಾದಲ್ಲಿ ತೆಗೆದ ಫೋಟೋ ಬೇಕಿತ್ತು. ಮನೆಯ ಆಲ್ಬಮ್ ಮಳೆನೀರಿಗೆ ಹಾಳಾಗಿತ್ತು. ಅಬ್ಬಾ "ಇಲ್ಲ ಆಪಾ" ಎಂದು ಹೇಳಿ ಕಳಿಸಿದರು. ಆ ದಿನ ಅವರು ಮನೆಗೆ ಬಂದು ಊಟ ಮಾಡಲಿಲ್ಲ ಎಂದು ಅಮ್ಮಿ ಈಗಲೂ ಹೇಳುತ್ತಾರೆ.

ಅದಕ್ಕಿಂತ ಹಳೆಯ ಫೋಟೋಗಳ ನೆಗೆಟಿವ್‌ಗಳು ಮಾತ್ರ ಉಳಿದಿದ್ದವು. ಗಂಡಸರ ಕಡೆಯವು ಅಂಗಡಿಯ ಬೀರುವಿನಲ್ಲಿ, ಹೆಂಗಸರ ಕಡೆಯವು ಮನೆಯಲ್ಲಿ ದಾದಿಯ ಕಬ್ಬಿಣದ ಟ್ರಂಕಿನಲ್ಲಿ, ಬೀಗದೊಳಗೆ. ದಾದಿ ಆ ರೀಲುಗಳನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಲ್ಯಾಬಿನಲ್ಲಿ ತೊಳೆದು ಪ್ರಿಂಟ್ ಹೊರಬರುವವರೆಗೆ ಬೆಂಚಿನ ಮೇಲೆ ಕೂತಿದ್ದು, ನೆಗೆಟಿವ್ ಎಣಿಸಿಕೊಂಡು ಬರುತ್ತಿದ್ದರಂತೆ.

ಆಸ್ತಿಯೋ, ಹೊಣೆಯೋ?

ಪ್ರಾಜೆಕ್ಟಿಗಾಗಿ ನಾನು ಅಂಗಡಿಯ ಕೊನೆಯ ಆಸ್ತಿ-ಹೊಣೆ ಪಟ್ಟಿ ತಯಾರಿಸಿದೆ. ಆಸ್ತಿ ಕಡೆ ಯಾಶಿಕಾ, ಹೊಸ ಕ್ಯಾಮೆರಾ, ಜೆರಾಕ್ಸ್ ಮೆಷಿನ್, ಕುರ್ಚಿಗಳು ಎಂದು ಬರೆದು, ಕೊನೆಗೆ "ನೆಗೆಟಿವ್‌ಗಳು, 140 ಲಕೋಟೆ" ಎಂದು ಸೇರಿಸಿದೆ. ಇದನ್ನೆಲ್ಲ ಸ್ಕ್ಯಾನ್ ಮಾಡಿ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದರೆ ಹಳೆಯ ಕಾಲದ ಮದುವೆ ಎಂದು ಜನ ಇಷ್ಟಪಡುತ್ತಾರೆ, ಪ್ರಿಂಟಿಗೆ ಆರ್ಡರ್ ಬರುತ್ತದೆ ಎಂಬುದು ನನ್ನ ಯೋಜನೆ. ಅದನ್ನೂ ಪ್ರಾಜೆಕ್ಟಿನಲ್ಲಿ "ಭವಿಷ್ಯದ ಅವಕಾಶ" ಎಂದು ಬರೆದಿದ್ದೆ.

ರಾತ್ರಿ ದಾದಿಗೆ ಪಟ್ಟಿ ಓದಿ ಹೇಳಿದೆ. ಅವರು ಕೊನೆಯ ಸಾಲನ್ನು ಮತ್ತೊಮ್ಮೆ ಓದಿಸಿದರು.

"ಬೇಟಿ, ಆಸ್ತಿ ಅಂದರೆ ನಮ್ಮದು ಅಲ್ಲವಾ?"

"ಹೌದು ದಾದಿ."

"ನಾಳೆ ಕೊಡಬೇಕಾದದ್ದನ್ನು ಯಾವ ಕಡೆ ಬರೆಯುತ್ತೀರಿ?"

"ಹೊಣೆ ಕಡೆ. ಬ್ಯಾಂಕಿನಲ್ಲಿ ಜನ ಇಟ್ಟ ಠೇವಣಿ ಬ್ಯಾಂಕಿಗೆ ಹೊಣೆ."

"ಹಾಗಾದರೆ ಇದನ್ನೂ ಆ ಕಡೆ ಬರೆ. ಇವು ಅಮಾನತ್. ಆ ಹೆಣ್ಣುಮಕ್ಕಳು ನನ್ನ ಮುಂದೆ ತಲೆ ಮೇಲಿನ ಸೆರಗು ತೆಗೆದು ಕೂತದ್ದು ನನ್ನನ್ನು ನಂಬಿ. ಒಬ್ಬಳು ಬಂದು ವಾಪಸ್ ಕೇಳಿದರೆ ನೆಗೆಟಿವ್ ಕೊಟ್ಟುಬಿಡುತ್ತಿದ್ದೆ, ಮುಗಿಯಿತು. ನೀನು ಮೊಬೈಲಿಗೆ ಹಾಕಿದರೆ ನಾನು ಏನನ್ನು ವಾಪಸ್ ಕೊಡಲಿ?"

ನನಗೆ ಉತ್ತರ ಹೊಳೆಯಲಿಲ್ಲ. ಎರಡು ವರ್ಷದಿಂದ ಲೆಕ್ಕಶಾಸ್ತ್ರ ಓದುತ್ತಿರುವವಳು ನಾನು. ಆ ಸಾಲನ್ನು ಹೊಡೆದುಹಾಕಿ ಹೊಣೆ ಕಡೆಗೆ ಬರೆದದ್ದು ದಾದಿ ಹೇಳಿದ ಮೇಲೆ. ರೀಲಿಗೂ ಡಿಜಿಟಲ್‌ಗೂ ಇರುವ ದೊಡ್ಡ ವ್ಯತ್ಯಾಸ ಮೆಗಾಪಿಕ್ಸೆಲ್ ಅಲ್ಲ, ಇದು ಎಂದು ನನಗೆ ಈಗ ಅನಿಸುತ್ತದೆ. ನೆಗೆಟಿವ್ ಒಂದೇ ಇರುತ್ತದೆ. ಅದು ಕಳೆದುಹೋಗಬಹುದು, ಸುಟ್ಟುಹೋಗಬಹುದು. ಆದರೆ ಅದನ್ನು ವಾಪಸ್ ಕೊಡಲು ಬರುತ್ತದೆ. ಫೈಲ್ ಎಷ್ಟು ಬೇಕಾದರೂ ಆಗುತ್ತದೆ. ಅದಕ್ಕೇ ಉಳಿಸಿಕೊಳ್ಳುವುದು ಸುಲಭ, ವಾಪಸ್ ಕೊಡುವುದು ಕಷ್ಟ.

ನಾವು ಮಾಡಿದ್ದು

ನೆಗೆಟಿವ್‌ಗಳನ್ನು ಹಾಗೇ ಬಿಡುವಂತೆಯೂ ಇರಲಿಲ್ಲ. ಶಿವಮೊಗ್ಗದ ಮಳೆಗಾಲದ ತೇವಕ್ಕೆ ಕೆಲವಕ್ಕೆ ಬೂಷ್ಟು ಹಿಡಿದಿತ್ತು. ಕೆಲವು ಲಕೋಟೆ ತೆರೆದರೆ ವಿನೆಗರ್ ವಾಸನೆ. ಫಿಲ್ಮಿನ ಅಸಿಟೇಟ್ ಹಾಳೆ ಕೆಡುವಾಗ ಹೀಗೆ ಹುಳಿ ವಾಸನೆ ಬರುತ್ತದೆ, ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ. ಆದ್ದರಿಂದ ದಾದಿ ಮತ್ತು ನಾನು ಒಂದು ನಿಯಮ ಮಾಡಿಕೊಂಡೆವು. ಲಕೋಟೆಯ ಮೇಲೆ ಹೆಸರಿರುವವರಿಗೆ ಮೊಹಲ್ಲಾದಲ್ಲಿ ಬಾಯಿಮಾತಿನಲ್ಲಿ ತಿಳಿಸುವುದು. ಬಂದವರು ನೆಗೆಟಿವ್ ತೆಗೆದುಕೊಂಡು ಹೋಗಬಹುದು. ಬೇಕೆಂದರೆ ಅವರ ಎದುರಿಗೇ ಸ್ಕ್ಯಾನ್ ಮಾಡಿ ಅವರದೇ ಪೆನ್‌ಡ್ರೈವ್‌ಗೆ ಹಾಕಿಕೊಡುವುದು. ಬೇಡವೆಂದರೆ ಅವರ ಎದುರಿಗೇ ಕತ್ತರಿಸುವುದು.

ಸ್ಕ್ಯಾನ್ ಮಾಡುವ ವಿಧಾನ ಸುಲಭ. ನಿಮ್ಮ ಮನೆಯಲ್ಲೂ ಹಳೆಯ ನೆಗೆಟಿವ್ ಇದ್ದರೆ ಮಾಡಬಹುದು.

* ಟ್ಯಾಬ್ಲೆಟ್ ಅಥವಾ ಮೊಬೈಲಿನಲ್ಲಿ ಪೂರ್ತಿ ಬಿಳಿ ಪರದೆ ತೆರೆದು, ಅದರ ಮೇಲೆ ಸ್ವಲ್ಪ ಎತ್ತರದಲ್ಲಿ ಹಾಲಿನ ಬಣ್ಣದ ಪ್ಲಾಸ್ಟಿಕ್ ಹಾಳೆ ಇಡಿ. ಇಲ್ಲದಿದ್ದರೆ ಪರದೆಯ ಚುಕ್ಕಿಗಳು ಫೋಟೋದಲ್ಲಿ ಕಾಣುತ್ತವೆ.
* ನೆಗೆಟಿವ್‌ನ ಧೂಳನ್ನು ಗಾಳಿ ಊದುವ ರಬ್ಬರ್ ಬಲ್ಬಿನಿಂದ ತೆಗೆಯಿರಿ. ಬಟ್ಟೆಯಿಂದ ಒರೆಸಬೇಡಿ. ಅಂಚಿನಲ್ಲಿ ಮಾತ್ರ ಹಿಡಿಯಿರಿ.
* ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ನೇರ ಕೆಳಗೆ ನೋಡುವಂತೆ ಇಡಿ. ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಇಲ್ಲದಿದ್ದರೆ ಎಕ್ಸ್‌ಟೆನ್ಶನ್ ಟ್ಯೂಬ್ ಸಾಕು. ಕೋಣೆಯ ದೀಪ ಆರಿಸಿ.
* ಕಂಪ್ಯೂಟರ್‌ನಲ್ಲಿ ಮೊದಲು ಫಿಲ್ಮಿನ ಖಾಲಿ ಅಂಚಿನ ಕಿತ್ತಳೆ ಬಣ್ಣಕ್ಕೆ ವೈಟ್ ಬ್ಯಾಲೆನ್ಸ್ ಹೊಂದಿಸಿ, ಆಮೇಲೆ ಚಿತ್ರವನ್ನು ಉಲ್ಟಾ ಮಾಡಿ. ಮುಖದ ಬಣ್ಣ ಸರಿಯಾಗಿ ಬರುತ್ತದೆ.

ಇನ್ನೊಂದು ಎಚ್ಚರಿಕೆ. ಕಾರ್ಡಿನಲ್ಲಿ ಡಿಲೀಟ್ ಒತ್ತಿದರೆ ಫೋಟೋ ಅಳಿಯುವುದಿಲ್ಲ. ಪುಸ್ತಕದ ಪರಿವಿಡಿಯಿಂದ ಹೆಸರು ಹೊಡೆದ ಹಾಗೆ ಅಷ್ಟೇ. ಪುಟ ಒಳಗೇ ಇರುತ್ತದೆ. ಅದರ ಮೇಲೆ ಬೇರೆ ಫೈಲ್ ಬರೆದಾಗ ಮಾತ್ರ ಹೋಗುತ್ತದೆ. ಆದ್ದರಿಂದ ನಾನು ಇಂಟರ್‌ನೆಟ್ ಇಲ್ಲದ ಕಂಪ್ಯೂಟರ್ ಬಳಸುತ್ತೇನೆ. ಫೈಲುಗಳನ್ನು ಕಾರ್ಡಿನಲ್ಲೇ ತೆರೆದು, ನೇರ ಅವರ ಪೆನ್‌ಡ್ರೈವ್‌ಗೆ ಉಳಿಸುತ್ತೇನೆ. ಅವರು ಹೋದ ಮೇಲೆ ಕಾರ್ಡನ್ನು ಗೋಡೆಯ ಫೋಟೋ ತೆಗೆದು ತುಂಬಿಸುತ್ತೇನೆ. ನಮ್ಮ ಸ್ವಂತ ಮನೆಯ ಫೋಟೋಗಳಿಗೆ ಮಾತ್ರ ಇದರ ಉಲ್ಟಾ ನಿಯಮ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಮನೆಯಲ್ಲಿ. 2013 ಮತ್ತೆ ಬರಬಾರದು.

140 ಲಕೋಟೆಗಳಲ್ಲಿ ಇಲ್ಲಿಯವರೆಗೆ 28 ಜನ ಬಂದು ತೆಗೆದುಕೊಂಡು ಹೋದರು. 9 ಜನ ಕತ್ತರಿಸಿಬಿಡಿ ಎಂದರು, ಕತ್ತರಿಸಿದೆವು. ಒಬ್ಬ ಖಾಲಾ ತಮ್ಮ ತಾಯಿಯ ಮುಖವನ್ನು ಕಂಪ್ಯೂಟರ್ ಪರದೆಯಲ್ಲಿ ಬಹಳ ಹೊತ್ತು ನೋಡಿದರು. ತಾಯಿಯ ಬೇರೆ ಫೋಟೋವೇ ಅವರ ಬಳಿ ಇರಲಿಲ್ಲ. ಹೋಗುವಾಗ ಎಷ್ಟು ಹಣ ಎಂದು ಕೇಳಿದರು. ದಾದಿ "1991ರಲ್ಲೇ ಕೊಟ್ಟಿದ್ದೀಯ" ಎಂದರು.

ಯಾಶಿಕಾವನ್ನು ಹಳೆಯ ಕ್ಯಾಮೆರಾ ಸಂಗ್ರಹಿಸುವವರೊಬ್ಬರು 4,500ಕ್ಕೆ ಕೇಳಿದ್ದರು. ನಾನು ಬೇಡವೆಂದೆ. ದಾದಿಯೇ ಮಾರಿಸಿದರು. "ಅದು ನಮ್ಮದು, ಮಾರಬಹುದು" ಎಂದರು. ಆ ಹಣದಲ್ಲಿ ಪೆನ್‌ಡ್ರೈವ್ ತರಲಾಗದವರಿಗೆ ಕೊಡಲು ಹತ್ತು ಪೆನ್‌ಡ್ರೈವ್‌ಗಳು, ತೇವ ಹೀರುವ ಸಿಲಿಕಾ ಪೊಟ್ಟಣಗಳು ಬಂದವು. ಕೊಡುವ ಮೊದಲು ದಾದಿ ಒಮ್ಮೆ ಕಿಟಕಿಯಲ್ಲಿ ಕಣ್ಣಿಟ್ಟು ಉಂಗುರ ತಿರುಗಿಸಿದರು. ಅವರ ಕಣ್ಣಿಗೆ ಪೊರೆ ಬಂದಿದೆ. "ಈಗ ಎರಡೂ ಕಾಣುವುದಿಲ್ಲ, ಒಂದಾಗುವುದೆಲ್ಲಿ" ಎಂದು ನಗುತ್ತಾ ನನ್ನ ಕೈಗೆ ಕೊಟ್ಟರು.

ಪಾಠದ ಸಾರಾಂಶ

1. ಹೊಸ ತಂತ್ರಜ್ಞಾನ ಬದಲಾಗುವ ವೆಚ್ಚವನ್ನು ಇಳಿಸಿ ಸ್ಥಿರ ವೆಚ್ಚವನ್ನು ಏರಿಸಬಹುದು. ಎರಡನ್ನೂ ಕೂಡಿಸಿ ನೋಡಿ.
2. ಉಳಿತಾಯವಾಯಿತು ಎಂದರೆ ಸಾಲದು. ಸ್ಪರ್ಧೆಯಲ್ಲಿ ಅದು ಯಾರ ಕೈ ಸೇರುತ್ತದೆ ಎಂದು ಕೇಳಿ.
3. ಬೇಗ ಹಳತಾಗುವ ಯಂತ್ರಕ್ಕೆ ಸವಕಳಿಯನ್ನು ಮೊದಲ ದಿನದಿಂದಲೇ ಲೆಕ್ಕ ಹಾಕಿ.
4. ಒಂದೇ ಜಾಗದಲ್ಲಿರುವ ಫೈಲ್ ಇಲ್ಲದ ಫೈಲಿಗೆ ಸಮ.
5. ನಿಮ್ಮ ಬಳಿ ಇರುವುದೆಲ್ಲ ನಿಮ್ಮ ಆಸ್ತಿಯಲ್ಲ.

ಟ್ರಂಕಿನಲ್ಲಿ ಇನ್ನೂ 103 ಲಕೋಟೆಗಳಿವೆ. 1979ರಿಂದ 2006ರ ನಡುವೆ ನಮ್ಮ ಊರಿನಲ್ಲಿ ಮದುವೆಯಾದ ನಿಮ್ಮ ಅಮ್ಮಿ, ಖಾಲಾ, ನಾನಿಯರನ್ನು ಒಮ್ಮೆ ಕೇಳಿ: ಹೆಂಗಸರ ಕಡೆ ಸಣ್ಣ ಕ್ಯಾಮೆರಾ ಹಿಡಿದ ಒಬ್ಬ ಹೆಂಗಸು ಫೋಟೋ ತೆಗೆದಿದ್ದರೇ ಎಂದು. ಹೌದು ಎಂದರೆ ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ನನ್ನನ್ನು ಹುಡುಕಿ. ಅವರೇ ಬರಬೇಕು. ಅವರು ಇಲ್ಲದಿದ್ದರೆ ಮಗಳು ಬರಲಿ. ಅಸರ್ ನಮಾಜಿನ ನಂತರ ದಾದಿ ಮನೆಯಲ್ಲೇ ಇರುತ್ತಾರೆ.